ನಮ್ಮ ಮನೆಯ ಒಂದು ನಿಮಿಷ

ಮೊದಲೇ ಹೇಳಿಬಿಡುತ್ತೇನೆ. ಅವನು ತೀರಿಕೊಂಡಿದ್ದಲ್ಲ, ಅವನನ್ನು ಕೊಂದರು. ಆಶ್‌ಬರ್ನ್‌ನ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ‘ಅಕಾಲಿಕ ನಿಧನ’ ಎಂದು ಬರೆದಿದ್ದರು. ಅದರ ಕೆಳಗೆ ಕೈಮುಗಿದ ಚಿತ್ರಗಳ ಉದ್ದನೆಯ ಸಾಲು. ನಾನು ‘ನಿಧನ ಅಲ್ಲ, ಕೊಲೆ’ ಎಂದು ಬರೆದು ಕಳಿಸಿದೆ. ಕೈಮುಗಿಯುವುದು ತಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಬಳಗದ ಅಧ್ಯಕ್ಷರು ಫೋನ್ ಮಾಡಿದರು. ಗುಂಪಿನಲ್ಲಿ ಮಕ್ಕಳೂ ಇದ್ದಾರೆ, ಆ ಪದ ಚೆನ್ನಾಗಿರುವುದಿಲ್ಲ, ಡಿಲೀಟ್ ಮಾಡಿದರೆ ಒಳ್ಳೆಯದು ಎಂದರು. ಆ ಕೆಲಸ ಚೆನ್ನಾಗಿತ್ತೇ ಎಂದು ಕೇಳಿದೆ. ನಾನು ಡಿಲೀಟ್ ಮಾಡಲಿಲ್ಲ, ಇವತ್ತಿಗೂ ಹಿಂದಕ್ಕೆ ಹೋಗಿ ನೋಡಿದರೆ ಅದು ಅಲ್ಲೇ ಇದೆ.

ಅವನು ಅಫ್ಘಾನಿಸ್ತಾನದವನು. ಕಾಬೂಲ್ ತಾಲಿಬಾನಿನ ಕೈಗೆ ಹೋದ ವರ್ಷ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ನಾವಿರುವ ವರ್ಜೀನಿಯಾಕ್ಕೆ ಬಂದವನು. ಕಾಬೂಲಿನಲ್ಲಿ ಸಿನಿಮಾ ಮಾಡುತ್ತಿದ್ದ. ಹಾಡು, ಹೊಡೆದಾಟದ ಸಿನಿಮಾ ಅಲ್ಲ; ಇಟ್ಟಿಗೆ ಸುಡುವವರು, ಪಾರಿವಾಳ ಸಾಕುವವರು, ಹಳೇ ರೇಡಿಯೋ ರಿಪೇರಿ ಮಾಡುವವರು, ಇಂಥವರ ಹಿಂದೆ ಕ್ಯಾಮೆರಾ ಹಿಡಿದು ತಿಂಗಳುಗಟ್ಟಲೆ ತಿರುಗಿ ಮಾಡಿದ ಸಿನಿಮಾ. ಇಲ್ಲಿಗೆ ಬಂದ ಮೇಲೆ ವಾರವಿಡೀ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ, ವಾರಾಂತ್ಯದಲ್ಲಿ ಮದುವೆ, ನಾಮಕರಣ, ಬರ್ತ್‌ಡೇ ಪಾರ್ಟಿಗಳ ವಿಡಿಯೋ ತೆಗೆಯುತ್ತಿದ್ದ. ನನ್ನನ್ನು ದೀದಿ ಎನ್ನುತ್ತಿದ್ದ. ಅವನ ಹಿಂದಿ, ಸಿನಿಮಾ ನೋಡಿ ಕಲಿತದ್ದು, ನನ್ನದು ಮೈಸೂರಿನ ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತದ್ದು. ಎರಡೂ ಕುಂಟುತ್ತಿದ್ದವು, ಆದರೆ ಜೊತೆಗೆ ನಡೆಯುತ್ತಿದ್ದವು.

ಅವನ ಪರಿಚಯವಾದವರು ಮೊದಲು ಕೇಳುತ್ತಿದ್ದದ್ದು ಒಂದೇ. ಕಾಬೂಲಿನ ವಿಮಾನ ನಿಲ್ದಾಣದಲ್ಲಿ ಏನಾಯಿತು, ಹೇಗೆ ತಪ್ಪಿಸಿಕೊಂಡು ಬಂದೆ, ಜನ ನಿಜವಾಗಿಯೂ ವಿಮಾನದ ರೆಕ್ಕೆಗೆ ಜೋತುಬಿದ್ದಿದ್ದರೇ. ಅವನು ಗಂಭೀರವಾಗಿ, ನೀವು ಬರುವಾಗ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಏನು ತಿಂದಿರಿ ಎಂದು ತಿರುಗಿ ಕೇಳುತ್ತಿದ್ದ. ವಡೆ ಎಂದರೆ ಚೆನ್ನಾಗಿತ್ತೇ, ಚಟ್ನಿ ಕೊಟ್ಟರೇ ಎಂದು ವಿಚಾರಿಸುತ್ತಿದ್ದ. ಹಾಗೆ ವಿಚಾರಿಸಿಕೊಂಡವರು ಎರಡನೇ ಸಲ ಆ ಪ್ರಶ್ನೆ ಎತ್ತುತ್ತಿರಲಿಲ್ಲ. ನನಗೆ ಅವನು ಇಷ್ಟವಾದದ್ದು ಅಲ್ಲಿಂದಲೇ. ಅವನ ಕಣ್ಣೀರನ್ನು ನೋಡಿ ನಾವು ಒಳ್ಳೆಯವರಾಗುವುದು ಅವನಿಗೆ ಬೇಕಿರಲಿಲ್ಲ.

ಮಾಮೂಲಿನ ವಿಡಿಯೋದವರು ಕೈಕೊಟ್ಟದ್ದರಿಂದ ಒಂದು ಯುಗಾದಿ ಕಾರ್ಯಕ್ರಮಕ್ಕೆ ಅವನು ಬಂದ. ಬಳಗದವರಿಗೆ ಬೇಕಿದ್ದದ್ದು ವೇದಿಕೆ, ದೀಪ ಬೆಳಗುವುದು, ಅಧ್ಯಕ್ಷರ ಭಾಷಣ. ಅವನು ತೆಗೆದದ್ದು ಪರದೆಯ ಹಿಂದಿನದು. ಮಗುವಿನ ಕಚ್ಚೆ ಜಾರದ ಹಾಗೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂತ ತಾಯಿ, ಬೇವು ಬೆಲ್ಲವನ್ನು ಪೇಪರ್ ಕಪ್ಪಿಗೆ ಹಾಕುತ್ತಾ ಬೆಲ್ಲವನ್ನು ಮಾತ್ರ ತಿನ್ನುತ್ತಿದ್ದ ಖಜಾಂಚಿ. ವಿಡಿಯೋದಲ್ಲಿ ಭಾಷಣ ಅರ್ಧಕ್ಕೇ ನಿಂತಿತ್ತು. ಅಧ್ಯಕ್ಷರು ಕೆಂಡವಾದರು. ನಾನು ಮನೆಯಲ್ಲಿ ಆ ವಿಡಿಯೋ ನೋಡಿ ನಕ್ಕೂ ನಕ್ಕೂ ಸಾಕಾಗಿ, ಮಾರಿಸ್‌ವಿಲ್‌ನಲ್ಲಿದ್ದ ತಂಗಿಗೆ ಫೋನ್ ಮಾಡಿ, ನಿನ್ನ ಗೃಹಪ್ರವೇಶಕ್ಕೆ ಇವನೇ ಬರಬೇಕು ಎಂದೆ.

ಹಾಗೆ ಒಂದು ಶುಕ್ರವಾರ ನಮ್ಮ ಕಾರಿನಲ್ಲೇ ಅವನನ್ನು ಕೂರಿಸಿಕೊಂಡು ತಂಗಿಯ ಊರಿಗೆ, ಕ್ಯಾರೊಲೈನಾಕ್ಕೆ ಹೊರಟೆವು. ನಮ್ಮ ಯಜಮಾನರು, ನಾನು, ನಮ್ಮ ಅತ್ತೆ. ಅತ್ತೆ ನಮ್ಮ ಜೊತೆಯಲ್ಲೇ ಇರುವವರು, ಬಾಯಿ ಸ್ವಲ್ಪ ಜೋರು. ಆ ಬಾಯಿಗೆ ಹೊಂದಿಕೊಂಡ ಸೊಸೆ ನಾನು ಎಂದ ಮೇಲೆ ಮಿಕ್ಕದ್ದು ನೀವೇ ಊಹಿಸಿಕೊಳ್ಳಬಹುದು. ದಾರಿಯುದ್ದಕ್ಕೂ ಅವನು ಅತ್ತೆಯನ್ನು ಮಾದರ್ ಜಾನ್ ಎಂದು ಕರೆದ. ಅವರ ಭಾಷೆಯಲ್ಲಿ ಅಮ್ಮ ಎಂದು. ಅತ್ತೆ ಅವನಿಗೆ ಚಕ್ಕುಲಿ ಕೊಟ್ಟರು, ನನಗೆ ಕೊಡಲಿಲ್ಲ.

ಗೃಹಪ್ರವೇಶ ಅಮೆರಿಕದಲ್ಲಿ ಆಗುವ ಹಾಗೇ ಆಯಿತು. ಹೋಮದ ಹೊಗೆಗೆ ಸ್ಮೋಕ್ ಅಲಾರಂ ಕೂಗದ ಹಾಗೆ ಅದಕ್ಕೆ ಶವರ್ ಕ್ಯಾಪ್ ತೊಡಿಸಿ ಟೇಪ್ ಸುತ್ತಿದ್ದರು. ಹಾಲು ಉಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅವನು ಸದ್ದು ರೆಕಾರ್ಡ್ ಮಾಡುವ ಒಂದು ಚಿಕ್ಕ ಯಂತ್ರವನ್ನು ನಡುಮನೆಯಲ್ಲಿಟ್ಟು, ಹೆಡ್‌ಫೋನ್ ಹಾಕಿಕೊಂಡು, ದಯವಿಟ್ಟು ಎಲ್ಲರೂ ಒಂದು ನಿಮಿಷ ನಿಶ್ಶಬ್ದವಾಗಿ ನಿಲ್ಲಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡ.

ಒಂದು ನಿಮಿಷ ಮೌನ ಎಂದರೆ ನಮ್ಮವರಿಗೆ ಗೊತ್ತಿರುವುದು ಒಂದೇ ಅರ್ಥ. ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತು ಕಲಿತದ್ದು, ಮೈಯಲ್ಲಿ ಇಳಿದುಬಿಟ್ಟಿದೆ. ಕೂತವರೆಲ್ಲ ಧಡಕ್ಕನೆ ಎದ್ದರು, ಕೈಕಟ್ಟಿ ತಲೆ ತಗ್ಗಿಸಿದರು. ಪುರೋಹಿತರು ಏನೂ ತಿಳಿಯದೆ ಶಾಂತಿಮಂತ್ರ ಶುರು ಮಾಡಿದರು. ಹಿಂದೆ ಯಾರೋ, ಯಾರು ಹೋಗಿಬಿಟ್ಟರು, ಇಂಡಿಯಾದಿಂದ ಫೋನ್ ಬಂತಾ ಎಂದು ಪಿಸುಗುಟ್ಟಿದರು. ತಂಗಿಯ ಮುಖ ಬಿಳಿಚಿಕೊಂಡಿತು. ಆಗ ನಮ್ಮ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು.

“ಏನಪ್ಪಾ ಇದು. ಹಾಲುಕ್ಕಿಸಿದ ಒಲೆ ಇನ್ನೂ ಆರಿಲ್ಲ, ಸಾವಿನ ಮೌನ ಮಾಡಿಸ್ತಿದ್ದೀಯಲ್ಲ. ಯಾರು ಸತ್ರು ಅಂತ?”

ನಾನು ಅನುವಾದ ಮಾಡಿ ಹೇಳಿದೆ. ಅವನು ಕಂಗಾಲಾಗಿ ಎರಡೂ ಕಿವಿ ಹಿಡಿದುಕೊಂಡ, ಆಮೇಲೆ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಊಟವಾದ ಮೇಲೆ ಅತ್ತೆಯ ಪಕ್ಕ ಕೂತು, ನನ್ನ ಕೈಲಿ ಅನುವಾದ ಮಾಡಿಸುತ್ತಾ ಬಿಡಿಸಿ ಹೇಳಿದ. ಖಾಲಿ ಕೋಣೆ ಎಂದೂ ಖಾಲಿ ಇರುವುದಿಲ್ಲ. ಫ್ರಿಜ್ಜು, ಗೋಡೆಯೊಳಗಿನ ಗಾಳಿ, ದೂರದ ರಸ್ತೆ, ಉಸಿರು, ಇವೆಲ್ಲ ಸೇರಿ ಪ್ರತಿ ಮನೆಗೂ ಅದರದೇ ಒಂದು ಮೌನ ಇರುತ್ತದೆ. ಸಿನಿಮಾದಲ್ಲಿ ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವೆ ತೂತು ಬೀಳುತ್ತದೆ. ಅದನ್ನು ಮುಚ್ಚುವುದಕ್ಕೆ ಅದೇ ಮನೆಯ ಮೌನ ಬೇಕು, ಬೇರೆಯದು ಕಿವಿಗೆ ತಿಳಿದುಹೋಗುತ್ತದೆ. ಅತ್ತೆ ಒಬ್ಬಟ್ಟಿಗೆ ತುಪ್ಪ ಸುರಿಯುತ್ತಾ, “ಹಂಗನ್ನು. ಸೀರೆಗೆ ತೇಪೆ ಹಾಕೋಕೆ ಅದೇ ಸೀರೆ ಬಟ್ಟೆ ಬೇಕು, ಅಷ್ಟೇ ತಾನೆ” ಎಂದರು. ಆಮೇಲೆ, ಮುಂದಿನ ಸಲ ಕನ್ನಡದವರ ಮನೆಗೆ ಹೋದಾಗ ಏನು ಹೇಳಬೇಕು ಎಂದು ಅವನಿಗೆ ಬಾಯಿಪಾಠ ಮಾಡಿಸಿದರು. ಗಂಟಲಿನ ಆಳದಿಂದ ಅವನು ಅದನ್ನು ಒಪ್ಪಿಸಿದ.

“ಒಂದ್ ನಿಮ್ಷ ಸುಮ್ನಿರಿ. ಯಾರೂ ಸತ್ತಿಲ್ಲ.”

ಆ ಮಧ್ಯಾಹ್ನವೇ ಮತ್ತೆ ಎಲ್ಲರನ್ನೂ ನಿಲ್ಲಿಸಿ ಹಾಗೇ ಹೇಳಿದ. ಮನೆಯೆಲ್ಲ ಗೊಳ್ಳೆಂದಿತು, ನಗು ಇಳಿದ ಮೇಲೆ ತಾನಾಗಿಯೇ ಸುಮ್ಮನಾಯಿತು. ಅಲ್ಲಿಂದ ಮುಂದೆ ಅದು ಅವನ ಗುರುತೇ ಆಯಿತು. ಆಶ್‌ಬರ್ನ್‌ನಲ್ಲಿ ಸೀಮಂತವಿರಲಿ, ತಂಗಿಯ ಊರಿನ ಪಕ್ಕದ ಏಪೆಕ್ಸ್‌ನಲ್ಲಿ ನಾಮಕರಣವಿರಲಿ, ಅವನು ಕೈ ಎತ್ತಿದರೆ ಮಕ್ಕಳೇ ಅವನ ಜೊತೆ ಆ ಮಾತು ಹೇಳುತ್ತಿದ್ದರು. ಅಮೆರಿಕದಲ್ಲೇ ಹುಟ್ಟಿದ ನಮ್ಮ ಮಕ್ಕಳ ಕನ್ನಡಕ್ಕಿಂತ ಅವನ ಆ ಎರಡು ವಾಕ್ಯ ಸ್ಪಷ್ಟವಾಗಿರುತ್ತಿತ್ತು ಎಂದು ನಾನು ಹಂಗಿಸುತ್ತಿದ್ದೆ.

ನಮ್ಮ ಮನೆಯ ಮೌನವನ್ನೂ ತೆಗೆದುಕೊಂಡು ಹೋದ. ಒಂದು ಭಾನುವಾರ ಬೆಳಿಗ್ಗೆ, ಅತ್ತೆ ಹುರುಳಿಕಾಯಿ ಬಿಡಿಸುತ್ತಾ, ಅವನಿಗೆ ಇನ್ನೊಂದಷ್ಟು ಕನ್ನಡ ಪದ ಕಲಿಸುತ್ತಾ ಕೂತಿದ್ದಾಗ. ರೆಕಾರ್ಡ್ ಆದ ಮೇಲೆ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದ. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಗುಂಯ್ ಎಂಬ ಒಂದು ಸದ್ದು ಬಿಡದೆ ಹರಿಯುತ್ತಿತ್ತು. ನಮ್ಮ ಬೀದಿಯ ಹಿಂದಿನ ಡೇಟಾ ಸೆಂಟರುಗಳದು, ಹಗಲೂ ರಾತ್ರಿ ಓಡುವ ಕಂಪ್ಯೂಟರುಗಳ ಗೋದಾಮುಗಳದು. ನಮ್ಮ ಯಜಮಾನರು ಅಲ್ಲೇ ಕೆಲಸ ಮಾಡುವವರು, ಮನೆಯವರೆಗೂ ಅದು ಬರುವುದೇ ಇಲ್ಲ ಎಂದು ವಾದಿಸಿ, ಹೆಡ್‌ಫೋನ್ ಹಾಕಿಕೊಂಡ ಮೇಲೆ ತೆಪ್ಪಗಾದರು. ಇದು ನಿಮ್ಮ ಮನೆಯ ತಂಬೂರಿ, ಇದರ ಮೇಲೆ ನೀವು ದಿನವೂ ಹಾಡುತ್ತೀರಿ, ಜಗಳವಾಡುತ್ತೀರಿ ಎಂದ. ಮನೆಯ ಮೌನವನ್ನು ಆಯಾ ಮನೆಯವರಿಗೆ ಕಳಿಸಿಕೊಡುವುದು ಅವನ ಪದ್ಧತಿ. ನಮ್ಮದು ನನ್ನ ಫೋನಿಗೆ ಬಂತು. ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಜಮಾನರು ನಕ್ಕರು, ಮನೆಯೇ ಇದೆಯಲ್ಲ ಎಂದರು.

ಅವನಿಗೆ ಅವನ ಮನೆ ಉಳಿದಿರಲಿಲ್ಲ, ಅದಕ್ಕೇ ಅದರ ಬೆಲೆ ಅವನಿಗೆ ಗೊತ್ತಿತ್ತು. ಒಂದೇ ಒಂದು ಸಲ, ನಾನು ಕೇಳದೆಯೇ ಹೇಳಿದ. ಕಾಬೂಲಿನಲ್ಲಿ ಅವನು ಹೋದ ಮನೆಗಳ ಮೌನವೆಲ್ಲ ಒಂದು ಡಬ್ಬಿಯ ತುಂಬ ಇದ್ದ ಹಾರ್ಡ್ ಡ್ರೈವುಗಳಲ್ಲಿತ್ತು, ಅವನ ತಂದೆಯ ಮನೆಯದೂ ಸೇರಿ. ಡಬ್ಬಿ ಅಲ್ಲೇ ಉಳಿಯಿತು, ಆಮೇಲೆ ಯಾರೋ ಸುಟ್ಟರಂತೆ. “ಅಂಗಳ ಕಣ್ಣಿಗೆ ಕಾಣುತ್ತೆ ದೀದಿ, ಬಾಗಿಲು ಕಾಣುತ್ತೆ. ಸದ್ದು ಮಾತ್ರ ಬರಲ್ಲ. ಎಷ್ಟು ಕಿವಿಗೊಟ್ಟರೂ ಬರಲ್ಲ” ಎಂದ. ಅವನು ಮಾಡುತ್ತಿದ್ದ ಹೊಸ ಸಿನಿಮಾ ಅದರ ಬಗ್ಗೆಯೇ. ಬೇರೆ ಊರುಗಳಿಂದ ಬಂದವರ ಮನೆಗಳು ಇಲ್ಲಿ ಯಾವ ಸದ್ದು ಮಾಡುತ್ತವೆ ಎನ್ನುವುದು. ಅಟ್ಲಾಂಟಾದಲ್ಲಿದ್ದ ಅವನ ಸೋದರಸಂಬಂಧಿಯ ಮನೆ, ನಮ್ಮ ಬೀದಿಯ ಕೊರಿಯಾದವರ ಮನೆ, ನಮ್ಮದು, ತಂಗಿಯದು. ಪಾರ್ಸೆಲ್ ವ್ಯಾನಿನ ರಜೆಯ ದಿನಗಳೆಲ್ಲ ಅದಕ್ಕೇ ಹೋಗುತ್ತಿದ್ದವು.

ಅದೇ ಕೆಲಸಕ್ಕೆ ಕ್ಯಾರೊಲೈನಾದ ಇನ್ನೊಂದು ಊರಿಗೆ ಹೋಗಿದ್ದ. ಹೊಸದಾಗಿ ಬಂದಿದ್ದ ಒಂದು ಅಫ್ಘನ್ ಕುಟುಂಬದ ಮನೆ. ಒಳಗಿನದು ಮುಗಿಸಿ, ಹೊರಗಿನ ಬೀದಿಯ ಸದ್ದು ಬೇಕೆಂದು ಮನೆಯೆದುರಿನ ಫುಟ್‌ಪಾತಿನ ಮೇಲೆ ನಿಂತ. ಇನ್ನೂ ಬಿಸಿಲಿತ್ತು. ಕೋಲಿನ ತುದಿಗೆ ಮೈಕು, ಕಿವಿಗೆ ಹೆಡ್‌ಫೋನ್, ಅಲುಗಾಡದೆ ನಿಂತಿದ್ದ. ಎದುರು ಮನೆಯವನು ಬಾಗಿಲಿನಿಂದ ಯಾರು ನೀನು ಎಂದು ಕೂಗಿದನಂತೆ. ಇವನಿಗೆ ಕೇಳಿಸಲಿಲ್ಲ. ಆತ ಒಳಗೆ ಹೋಗಿ ಬಂದೂಕು ತಂದು, ಅಂಗಳದಿಂದಲೇ ಹೊಡೆದ. ಹೆದರಿಕೆಯಾಯಿತು ಎಂದು ಪೊಲೀಸರಿಗೆ ಹೇಳಿದನಂತೆ.

ಹೆದರಿಕೆಯಂತೆ. ನಮ್ಮ ಅತ್ತೆಗೆ ಅಳಿಲು ಕಂಡರೆ ಹೆದರಿಕೆ. ನನಗೆ ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕಕ್ಕೆ ಬಂದರೆ ಹೆದರಿಕೆ. ವೀಸಾ ಕಾಗದ ಬರುವವರೆಗೆ ನಮ್ಮವರು ಪೋಸ್ಟ್‌ಮ್ಯಾನನ್ನು ಕಂಡರೂ ಹೆದರುತ್ತಾರೆ. ಹೆದರಿದವರೆಲ್ಲ ಗುಂಡು ಹಾರಿಸಿದರೆ ಈ ದೇಶದಲ್ಲಿ ಬಾಗಿಲಿಗೆ ಪಾರ್ಸೆಲ್ ತರುವವನು ಒಬ್ಬನೂ ಉಳಿಯುವುದಿಲ್ಲ. ನಮ್ಮವರೂ ಕಮ್ಮಿ ಇಲ್ಲ. ಆ ವಾರ ಎಲ್ಲರೂ ಮನೆಯಿಂದ ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆ ಬಾತ್ ಬಡಿಸಿಕೊಳ್ಳುತ್ತಾ ವಿಶ್ಲೇಷಣೆ ನಡೆಯಿತು. ಬೇರೆಯವರ ಮನೆ ಮುಂದೆ ಯಾಕೆ ನಿಲ್ಲಬೇಕಿತ್ತು, ಕಿವಿಗೆ ಯಾಕೆ ಹಾಕಿಕೊಳ್ಳಬೇಕಿತ್ತು, ಆ ಗಡ್ಡ ಬೇರೆ. ನಾನು ತಟ್ಟೆ ಕೆಳಗಿಟ್ಟೆ. ಸಂಜೆ ಹೊತ್ತು ಟ್ರೇಲಿನಲ್ಲಿ ನೀವೆಲ್ಲ ಕಿವಿಗೆ ಸಿಕ್ಕಿಸಿಕೊಂಡೇ ತಾನೇ ವಾಕ್ ಮಾಡುವುದು, ನಿಮ್ಮಲ್ಲಿ ಯಾರನ್ನು ಹೊಡೆದರೆ ಸರಿ ಎಂದು ಕೇಳಿದೆ. ಆಮೇಲೆ ಬಹಳ ದಿನ ಯಾವ ಪಾಟ್‌ಲಕ್ಕಿಗೂ ನಮ್ಮನ್ನು ಕರೆಯಲಿಲ್ಲ. ಹೊಟ್ಟೆಗೇನೂ ನಷ್ಟವಾಗಲಿಲ್ಲ.

ಅವನ ಹೆಂಡತಿ ಡೇ ಕೇರ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಮಾತು ಕಮ್ಮಿ. ಮೊದಲ ವಾರಗಳಲ್ಲಿ ನಾನು ಅವಳ ಮನೆಗೆ ಊಟ ತೆಗೆದುಕೊಂಡು ಹೋಗುತ್ತಿದ್ದೆ, ಅವಳು ನನಗೆ ತನ್ನ ಊಟ ಬಡಿಸುತ್ತಿದ್ದಳು. ಕೋರ್ಟಿನ ಮೊದಲ ದಿನ ಅವಳ ಜೊತೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ನಿನಗೆ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಸಾಕ್ಷಿ ಕಟ್ಟೆಯ ಹತ್ತಿರವೂ ಸುಳಿಯಬೇಡ ಎಂದು ಹಿತೈಷಿಗಳು ಹೇಳಿದರು. ನಮ್ಮ ಯಜಮಾನರು ಮಾತ್ರ ಕಾರಿಗೆ ಪೆಟ್ರೋಲ್ ತುಂಬಿಸಿ ತಂದರು. ಹೊಡೆದವನು ನಮ್ಮೆದುರಿಗೇ ಕೂತಿದ್ದ. ನಾನು ಅವನ ಕುತ್ತಿಗೆಯನ್ನು ದಿಟ್ಟಿಸಿಕೊಂಡೇ ಕೂತೆ, ಒಂದು ಸಲವೂ ಕಣ್ಣು ತೆಗೆಯಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ.

ತೊಂದರೆ ಶುರುವಾದದ್ದು ಅವನ ಯಂತ್ರದಿಂದ. ಗುಂಡು ಹಾರಿದಾಗ ಅದು ರೆಕಾರ್ಡ್ ಮಾಡುತ್ತಲೇ ಇತ್ತು. ಮೂಲವನ್ನು ಕೋರ್ಟು ಇಟ್ಟುಕೊಂಡಿತ್ತು, ವಕೀಲರ ಮೂಲಕ ಅವಳಿಗೂ ಒಂದು ಪ್ರತಿ ಬಂದಿತ್ತು. ಒಬ್ಬ ಟಿವಿಯವನಿಗೆ ಇದು ಹೇಗೋ ತಿಳಿಯಿತು. ಅದನ್ನು ಕೊಟ್ಟರೆ ದೇಶವೇ ಎಚ್ಚೆತ್ತುಕೊಳ್ಳುತ್ತದೆ ಎಂದು ಅವಳ ಬೆನ್ನುಬಿದ್ದ. ನಮ್ಮ ಬಳಗದವರು ಆ ಹೊತ್ತಿಗೆ ನನ್ನ ಕಾಟ ತಾಳಲಾರದೆ ಆಶ್‌ಬರ್ನ್‌ನ ಕ್ಲಬ್‌ಹೌಸಿನಲ್ಲಿ ಅವನ ನೆನಪಿಗೆ ಒಂದು ಸಭೆ ಇಡಲು ಒಪ್ಪಿದ್ದರು. ಅಧ್ಯಕ್ಷರ ತಲೆಯಲ್ಲೂ ಅದೇ ಹೊಳೆಯಿತು. ಸಭೆಗೆ ಟಿವಿಯವರನ್ನು ಕರೆಸೋಣ, ಆ ತುಣುಕನ್ನು ಕೇಳಿಸೋಣ, ಆಮೇಲೆ ಒಂದು ನಿಮಿಷ ಮೌನ. ಅವರ ಮನಸ್ಸು ಕೆಟ್ಟದ್ದಲ್ಲ, ಅವರಿಗೂ ಅವನ ಮೇಲೆ ಪ್ರೀತಿಯಿತ್ತು. ಆದರೆ ನನ್ನ ಮೈ ಉರಿದುಹೋಯಿತು.

ಅವಳನ್ನು ಕೇಳೋಣ ಎಂದು ಅವಳ ಅಪಾರ್ಟ್‌ಮೆಂಟಿಗೆ ಹೋದೆವು. ಅಧ್ಯಕ್ಷರು ಸೋಫಾದ ತುದಿಯಲ್ಲಿ ಕೂತು ಎಲ್ಲವನ್ನೂ ವಿವರಿಸಿದರು. ಅವಳು ಹಸಿರು ಚಹಾ ಬಗ್ಗಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ಅವಳ ಹಿಂದಿ ಅವನದಕ್ಕಿಂತ ಚೆನ್ನಾಗಿತ್ತು ಎಂದು ನನಗೆ ಅವತ್ತು ಗೊತ್ತಾಯಿತು.

“ಆ ಸದ್ದು ಜಡ್ಜ್‌ಗೆ. ಅವರು ಕೇಳಲಿ, ಎಷ್ಟು ಸಲ ಬೇಕಾದರೂ ಕೇಳಲಿ. ಅದು ಆ ಮನುಷ್ಯ ಮಾಡಿದ ಸದ್ದು, ನನ್ನ ಗಂಡ ಮಾಡಿದ್ದಲ್ಲ. ಒಂದು ಸಲ ಟಿವಿಯಲ್ಲಿ ಬಂದರೆ ನನ್ನ ಮಗಳು ದೊಡ್ಡವಳಾದ ಮೇಲೆ ಅಪ್ಪನ ಹೆಸರು ಹುಡುಕಿದಾಗ ಅದೊಂದೇ ಸಿಗುತ್ತೆ. ಕೊಡಲ್ಲ.”

ಅಧ್ಯಕ್ಷರು ತಲೆ ತಗ್ಗಿಸಿದರು. ಹಾಗಾದರೆ ಬರೀ ಮೌನ ಆಚರಿಸೋಣ, ಅದಕ್ಕೇನೂ ಅಭ್ಯಂತರವಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಅವಳು ನನ್ನ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ಮೌನ ಅವನ ಕೆಲಸ, ಅದನ್ನು ಯಾವನೋ ಗುಂಡು ಹೊಡೆದವನ ಲೆಕ್ಕಕ್ಕೆ ಬರೆಯುವುದು ಬೇಡ. ಮೌನದ ಜವಾಬ್ದಾರಿ ನನಗೆ ಬಿಡಿ ಸರ್ ಎಂದೆ.

ಸಭೆಯ ದಿನ ಕ್ಲಬ್‌ಹೌಸ್ ತುಂಬಿಹೋಯಿತು. ಅವನು ಕ್ಯಾಮೆರಾ ಹಿಡಿದು ಹೊಕ್ಕ ಮನೆಗಳವರೆಲ್ಲ ಬಂದಿದ್ದರು. ಸೀಮಂತದಲ್ಲಿ ಹೊಟ್ಟೆಯೊಳಗಿದ್ದ ಮಕ್ಕಳು ಈಗ ಕುರ್ಚಿಗಳ ನಡುವೆ ಓಡಾಡುತ್ತಿದ್ದರು. ಮಾರಿಸ್‌ವಿಲ್‌ನಿಂದ ತಂಗಿ ಬಂದಿದ್ದಳು, ಅಟ್ಲಾಂಟಾದಿಂದ ಅವನ ಸೋದರಸಂಬಂಧಿ. ಅವನ ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿದ್ದಳು, ಅವಳ ಕೈ ಹಿಡಿದುಕೊಂಡು ನಮ್ಮ ಅತ್ತೆ. ಪೋಸ್ಟರಿನಲ್ಲಿ ‘ನಿಧನ’ ಎಂದಿದ್ದ ಕಡೆ ನಾನು ಬೆಳಿಗ್ಗೆಯೇ ಮಾರ್ಕರ್ ಆಡಿಸಿ ‘ಕೊಲೆಯಾದ ನಮ್ಮ ಸಿನಿಮಾದವನು’ ಎಂದು ತಿದ್ದಿದ್ದೆ. ಯಾರೂ ತೆಗೆಯಲಿಲ್ಲ. ಅಧ್ಯಕ್ಷರು ಎರಡು ಮಾತನಾಡಿದರು, ಚೆನ್ನಾಗಿಯೇ ಮಾತನಾಡಿದರು. ಪರದೆಯ ಮೇಲೆ ಆ ಯುಗಾದಿಯ ವಿಡಿಯೋ ಹಾಕಿದೆವು. ಭಾಷಣ ಅರ್ಧಕ್ಕೆ ನಿಂತು ಖಜಾಂಚಿ ಬೆಲ್ಲ ತಿನ್ನುವುದು ಬಂದಾಗ ಅಧ್ಯಕ್ಷರೇ ಎಲ್ಲರಿಗಿಂತ ಮೊದಲು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು.

ಕೊನೆಗೆ ಅಧ್ಯಕ್ಷರು ಎದ್ದು ನಿಲ್ಲುವಂತೆ ಕೈ ಮಾಡಿದರು. ಕುರ್ಚಿಗಳು ಸರಿದವು, ತಲೆಗಳು ತಗ್ಗಿದವು, ಕೈಗಳು ಕಟ್ಟಿಕೊಂಡವು, ಎಲ್ಲ ಶಾಲೆಯಲ್ಲಿ ಕಲಿತ ಹಾಗೇ. ನಾನು ನನ್ನ ಫೋನನ್ನು ಸ್ಪೀಕರಿಗೆ ಸಿಕ್ಕಿಸಿ, ಅವನು ಕಳಿಸಿದ್ದ ನಮ್ಮ ಮನೆಯದನ್ನು ಒತ್ತಿದೆ. ರೆಕಾರ್ಡಿನಲ್ಲಿ ಮೊದಲು ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು. ಆಮೇಲೆ ಅವನ ಗಂಟಲು, ಕ್ಲಬ್‌ಹೌಸಿನ ಮೂಲೆಮೂಲೆಗೂ ಕೇಳಿಸುವ ಹಾಗೆ.

“ಒಂದ್ ನಿಮ್ಷ ಸುಮ್ನಿರಿ. ಯಾರೂ ಸತ್ತಿಲ್ಲ.”

ತಗ್ಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಯಾರೋ ಬಿಕ್ಕಿದರು. ಅವನ ಮಗಳು ಅಪ್ಪನ ದನಿ ಬಂದ ಕಡೆಗೆ, ಸ್ಪೀಕರಿನ ಕಡೆಗೆ ತಿರುಗಿದಳು. ಆಮೇಲೆ ನಮ್ಮ ಮನೆ ಕೇಳಿಸಿತು. ಫ್ರಿಜ್ಜು, ಅತ್ತೆ ಹುರುಳಿಕಾಯಿ ಮುರಿಯುವುದು, ಯಜಮಾನರ ಉಸಿರು, ನನ್ನದು, ಎಲ್ಲದರ ಕೆಳಗೆ ಆ ಗುಂಯ್ ಸದ್ದು, ಮತ್ತು ತೀರಾ ಹತ್ತಿರದಲ್ಲಿ, ಹೆಡ್‌ಫೋನ್ ಹಾಕಿಕೊಂಡು ಕಿವಿಗೊಟ್ಟು ಕೂತಿರುವ ಇನ್ನೊಬ್ಬನ ಉಸಿರು. ಅದು ನಡೆದೇ ಇತ್ತು. ನಿಮಿಷ ಇನ್ನೇನು ಮುಗಿಯಬೇಕು ಅನ್ನುವಾಗ ಸ್ಪೀಕರಿನೊಳಗಿಂದ ಅತ್ತೆ, “ಮುಗೀತೇನಪ್ಪಾ?” ಎಂದರು. ಅವನು ನಕ್ಕ.

“ಇಲ್ಲ ಮಾದರ್ ಜಾನ್. ಹಾಳಾಯ್ತು. ಇನ್ನೊಂದ್ ಸಲ.”

ಅಲ್ಲಿಗೆ ರೆಕಾರ್ಡ್ ನಿಂತಿತು. ಅಧ್ಯಕ್ಷರು ಕೂರಬಹುದು ಎಂದು ಕೈ ಮಾಡಿದರು. ಯಾರೂ ಕೂರಲಿಲ್ಲ. ಮುಂದಿನ ಸಾಲಿನಿಂದ ಅತ್ತೆ ನನ್ನ ಕಡೆ ತಿರುಗಿ, “ಕೇಳಿಸ್ಲಿಲ್ವೇನೇ, ಇನ್ನೊಂದ್ ಸಲ ಅಂದ” ಎಂದರು. ನಾನು ಮೊದಲಿನಿಂದ ಒತ್ತಿದೆ.